ತತ್ತ್ವಶಾಸ್ತ್ರ ಓದಿ ಏನ್ ಮಾಡ್ತೀ?

ಹೋದ ವರ್ಷ ಪಿಯುಸಿ ರಿಸಲ್ಟ್ ಬಂದ ವಾರ. ರಾತ್ರಿ ಊಟಕ್ಕೆ ಕೂತಿದ್ದೆ, ದಾಂಡೇಲಿಯಿಂದ ಅಣ್ಣನ ಫೋನು.

"ನೀ ಒಂದ್ಸಲ ಬಂದು ಹೋಗೋ ಮಾರಾಯ. ಇಕಿ ತಲಿ ಕೆಟ್ಟೈತಿ. ಬಿ.ಎ. ಮಾಡ್ತೀನಿ ಅಂತಾಳ. ಅದರಾಗೂ ತತ್ತ್ವಶಾಸ್ತ್ರ ಅಂತ! ನೀನರ ಬುದ್ಧಿ ಹೇಳು."

ಇಕಿ ಅಂದ್ರೆ ಅಣ್ಣನ ಮಗಳು. ಎಂಬತ್ತೈದು ಪರ್ಸೆಂಟ್ ಮಾಡಿದ್ದಳು, ಅದೂ ಕಾಮರ್ಸ್‌ನಲ್ಲಿ. ಬಿ.ಕಾಂ. ಮಾಡಿ ಬ್ಯಾಂಕಿನ ಪರೀಕ್ಷೆ ಬರೀತಾಳೆ ಅಂತ ಅಣ್ಣ ಎರಡು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ಶಿಫ್ಟ್ ಡ್ಯೂಟಿ ಮಾಡಿದವನು ಅವನು. ಮಗಳು ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಅನ್ನೋದು ಅವನ ಒಂದೇ ಆಸೆ. ಅದರಲ್ಲಿ ತಪ್ಪೇನಿಲ್ಲ.

ಬುದ್ಧಿ ಹೇಳೋಕೆ ನನ್ನನ್ನೇ ಕರೆದದ್ದಕ್ಕೂ ಕಾರಣ ಇದೆ. ನಮ್ಮ ಕುಟುಂಬದಲ್ಲಿ ಆ ವಿಷಯ ಓದಿ 'ಹಾಳಾದವನು' ನಾನೊಬ್ಬನೇ! ಹಳಿಯಾಳದಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದೆ. ಮೂರು ಐಚ್ಛಿಕ ವಿಷಯಗಳಲ್ಲಿ ಒಂದು ತತ್ತ್ವಶಾಸ್ತ್ರ. ಆಮೇಲೆ ನಾಲ್ಕು ವರ್ಷ ನೌಕರಿ ಹುಡುಕಿ, ಸಿಗದೆ, ಹಳಿಯಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಹಾಕಿದೆ. ಇವತ್ತಿಗೂ ಅದೇ ಅಂಗಡಿ.

ಭಾನುವಾರ ದಾಂಡೇಲಿಗೆ ಹೋದೆ. ವೈನಿ ಚಹಾ ಕೊಟ್ಟು ಅಡಿಗೆಮನೆ ಬಾಗಿಲಲ್ಲೇ ನಿಂತರು. ಅಣ್ಣ ಸುತ್ತು ಬಳಸದೆ ಶುರು ಮಾಡಿದ.

"ನಿನ್ನ ಕಾಕಾನ್ನೇ ಕೇಳು. ಅವ ಓದಿದ್ನಲ್ಲಾ ತತ್ತ್ವಶಾಸ್ತ್ರ. ಏನ್ ಮಾಡಾಕತ್ತಾನ ಈಗ? ಯೂರಿಯಾ ಚೀಲ ಎಣಿಸ್ತಾನ."

ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ. ಹುಡುಗಿ ನನ್ನ ಕಡೆ ನೋಡಿ, "ಕಾಕಾ, ನೀವರ ಹೇಳ್ರಿ, ಓದಿದ್ದು ಲುಕ್ಸಾನ ಆತೇನು ನಿಮಗ?" ಅಂದಳು.

ಆವತ್ತು ನನಗೆ ಉತ್ತರ ಕೊಡೋಕೆ ಬರಲಿಲ್ಲ. "ಇಲ್ಲ" ಅನ್ನಬಹುದಿತ್ತು. ಆದ್ರೆ ಯಾಕೆ ಇಲ್ಲ ಅಂತ ಕೇಳಿದ್ರೆ? ಬಸ್ಸಿನಲ್ಲಿ ವಾಪಸ್ ಬರುವಾಗ ತಲೆ ತುಂಬ ಅದೇ. ಆಮೇಲೆ ಒಂದು ತಿಂಗಳು ಅದೇ ಯೋಚನೆ ಮಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ಉತ್ತರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಅಣ್ಣನ ಮಾತಿನಲ್ಲಿ ಸತ್ಯ ಎಷ್ಟಿದೆ ಅಂತ ಒಪ್ಪಿಕೊಂಡುಬಿಡೋಣ. ತತ್ತ್ವಶಾಸ್ತ್ರ ಓದಿದವರಿಗೆ ಅಂತಲೇ ಇಟ್ಟ ನೌಕರಿ ಬಹಳ ಕಡಿಮೆ. ಎಂ.ಎ. ಮಾಡಿ, ನೆಟ್ ಅಥವಾ ಕೆಸೆಟ್ ಪಾಸು ಮಾಡಿ ಅದನ್ನೇ ಪಾಠ ಮಾಡಬಹುದು. ಆದರೆ ಪಾಠ ಮಾಡೋಕೆ ವಿಭಾಗ ಇರಬೇಕು, ವಿಭಾಗ ಇರೋಕೆ ಹುಡುಗರು ಬೇಕು, ಹುಡುಗರು ಬರೋಕೆ ನೌಕರಿ ಬೇಕು. ಗಾಣದ ಎತ್ತಿನ ಹಾಗೆ ಸುತ್ತು. ಐಎಎಸ್ ಪರೀಕ್ಷೆಗೆ ಅನುಕೂಲ ಅಂತ ಹೇಳುವವರಿದ್ದಾರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರ ಐಚ್ಛಿಕ ವಿಷಯವಾಗಿದೆ, 2013ರಿಂದ ನೀತಿಶಾಸ್ತ್ರದ್ದೇ ಒಂದು 250 ಅಂಕದ ಪತ್ರಿಕೆಯೂ ಇದೆ, ನಿಜ. ಆದರೆ ಲಕ್ಷಾಂತರ ಜನ ಬರೆದು ಸಾವಿರದ ಆಸುಪಾಸು ಜನ ಪಾಸಾಗುವ ಪರೀಕ್ಷೆ ತೋರಿಸಿ "ನೋಡು, ನೌಕರಿ ಐತಿ" ಅಂದ್ರೆ ಅದು ಲಾಟರಿ ಟಿಕೆಟ್ ಮಾರಿದ ಹಾಗೆ. ನಾನು ಅದನ್ನು ಹೇಳಲ್ಲ.

ಇನ್ನೊಂದು ಕಡೆಯಿಂದ ನೋಡಿ. ಇತಿಹಾಸ ಓದಿದ ನನ್ನ ಕ್ಲಾಸ್‌ಮೇಟುಗಳಲ್ಲಿ ಇತಿಹಾಸಕಾರ ಆದವನು ಒಬ್ಬನೂ ಇಲ್ಲ. ಒಬ್ಬ ಎಲ್‌ಐಸಿ ಏಜೆಂಟ್, ಒಬ್ಬ ಕಂಡಕ್ಟರ್, ಇಬ್ಬರು ಪ್ರಾಥಮಿಕ ಶಾಲೆ ಮಾಸ್ತರು. ಎಂಜಿನಿಯರಿಂಗ್ ಮುಗಿಸಿ ಬಂದು ನನ್ನ ಅಂಗಡಿಯ ಎದುರಿಗೇ ಮೊಬೈಲ್ ಅಂಗಡಿ ಇಟ್ಟ ಹುಡುಗನೂ ಇದ್ದಾನೆ. ಅವನ್ನು "ಎಂಜಿನಿಯರಿಂಗ್ ಓದಿ ಏನ್ ಮಾಡ್ದಿ?" ಅಂತ ಯಾರೂ ಕೇಳಲ್ಲ, "ಪಾಪ, ನೌಕರಿ ಸಿಗಲಿಲ್ಲ" ಅಂತಾರೆ. ನಮಗೆ ಮಾತ್ರ "ಹೇಳಿದ್ವಲ್ಲ!" ಅಂತಾರೆ.

ಸರಿ, ಈಗ ಮುಂಡಗೋಡದ ಮಾತಿಗೆ ಬರ್ತೇನೆ.

ಅಂಗಡಿಯ ಒಂದು ಬಾಕಿ ವಸೂಲಿಗೆ ಮುಂಡಗೋಡಕ್ಕೆ ಹೋಗಬೇಕಿತ್ತು. ಅಣ್ಣನಿಗೂ ಹುಡುಗಿಗೂ ಬರೋಕೆ ಹೇಳಿದೆ. ಕೆಲಸ ಮುಗಿಸಿ ಸಂಜೆ ಮುಂದೆ ಟಿಬೆಟಿಯನ್ ಕ್ಯಾಂಪಿಗೆ ಹೋದೆವು. ನಮ್ಮ ಕಡೆಯವರಿಗೆಲ್ಲ ಗೊತ್ತು, ಮಕ್ಕಳನ್ನು ಕರೆದುಕೊಂಡು ಹೋಗಿ ಬಂಗಾರದ ಬಣ್ಣದ ಬುದ್ಧನ ಮುಂದೆ ಫೋಟೋ ತೆಗೆಸಿ, ಮೊಮೊ ತಿಂದು, ಸ್ವೆಟರ್ ಕೊಂಡು ಬರೋ ಜಾಗ. 1966ರಲ್ಲಿ ಶುರುವಾದ ವಸತಿ ಅದು. ದೊಯೆಗುಲಿಂಗ್ ಅಂತ ಅವರ ಹೆಸರು. ಲ್ಹಾಸಾದ ಹತ್ತಿರ 1409ರಲ್ಲಿ ಹುಟ್ಟಿದ ಗಾಂದೆನ್ ಮಠ, 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠ, ಎರಡನ್ನೂ ದೇಶ ಬಿಟ್ಟು ಬಂದ ಭಿಕ್ಷುಗಳು ಇಲ್ಲಿ ಹೊಸದಾಗಿ ಕಟ್ಟಿಕೊಂಡರು. ನಾವು ಅವನ್ನು ಲಾಮಾ ಕ್ಯಾಂಪ್ ಒಂದು, ಲಾಮಾ ಕ್ಯಾಂಪ್ ಎರಡು ಅಂತೇವೆ, ಅಷ್ಟೇ. ಅವು ಕಾಲೇಜುಗಳು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಹೌದು, ಕಾಲೇಜು. ಅದೂ ತತ್ತ್ವಶಾಸ್ತ್ರದ ಕಾಲೇಜು.

ಅಂಗಳದಲ್ಲಿ ನೂರಾರು ಹುಡುಗರು. ಒಬ್ಬ ಕೆಳಗೆ ಕೂತಿರ್ತಾನೆ, ಇನ್ನೊಬ್ಬ ಎದುರಿಗೆ ನಿಂತಿರ್ತಾನೆ. ನಿಂತವನು ಪ್ರಶ್ನೆ ಕೇಳುವವನು, ಕೂತವನು ಉತ್ತರ ಹೇಳುವವನು. ನಿಂತವನು ಎಡಗೈ ಮುಂದೆ ಚಾಚಿ, ಬಲಗೈ ಮೇಲಿಂದ ಬೀಸಿ ಚಟ್ ಅಂತ ಚಪ್ಪಾಳೆ ಹೊಡೆದು, ಕಾಲು ನೆಲಕ್ಕೆ ಅಪ್ಪಳಿಸಿ ಪ್ರಶ್ನೆ ಎಸೀತಾನೆ. ದೂರದಿಂದ ನೋಡಿದ್ರೆ ಜಗಳ ಹತ್ತಿದೆ ಅನ್ನಬೇಕು. ಅಣ್ಣನೂ ಹಾಗೇ ಅಂದ್ಕೊಂಡ. "ಏನೋ ಇದು, ಹೊಡದಾಟ ಹಚ್ಯಾರಲ್ಲೋ" ಅಂತ ನನ್ನ ತೋಳು ಹಿಡಿದ!

ಅವರ ಆಟದ ನಿಯಮ ಸರಳ. ಕೂತವನಿಗೆ ಹೇಳೋಕೆ ಇರೋದು ಮುಖ್ಯವಾಗಿ ನಾಲ್ಕೇ ಉತ್ತರ. "ಒಪ್ಪಿದೆ", "ಯಾಕೆ?", "ನೀನು ಕೊಟ್ಟ ಕಾರಣ ಸಿದ್ಧವಾಗಿಲ್ಲ", "ವ್ಯಾಪ್ತಿ ಇಲ್ಲ". ಭಾಷಣ ಇಲ್ಲ, ಸುತ್ತು ಬಳಸೋದಿಲ್ಲ. ತನ್ನ ಮಾತಿಗೆ ತಾನೇ ವಿರುದ್ಧ ಹೇಳಿ ಸಿಕ್ಕಿಬಿದ್ದರೆ ನಿಂತವನು "ತ್ಸಾ!" ಅಂತ ಕೂಗ್ತಾನೆ. ಸಣ್ಣ ಹುಡುಗರಿಗೆ ಮೊದಲ ಪಾಠ ಬಣ್ಣಗಳ ಮೇಲೆ. ಬಣ್ಣ ಅಂದಮೇಲೆ ಅದು ಕೆಂಪೇ ಆಗಿರಬೇಕಾ? ಹಾಗಾದ್ರೆ ಬಿಳಿ ಶಂಖದ ಬಣ್ಣ? ಇಲ್ಲಿಂದ ಶುರುವಾಗಿ ಶೂನ್ಯತೆ ಅಂದ್ರೇನು ಅನ್ನೋವರೆಗೆ ಹೋಗುತ್ತೆ.

ಅಲ್ಲಿ ನಿಂತಾಗ ನನಗೆ ಮೈ ಜುಂ ಅಂದದ್ದು ಯಾಕೆ ಗೊತ್ತಾ? ಆ 'ವ್ಯಾಪ್ತಿ' ಅನ್ನೋ ಶಬ್ದ. ಟಿಬೆಟಿಯನ್‌ನಲ್ಲಿ ಅವರು ಹೇಳೋದು ನಮ್ಮ ಸಂಸ್ಕೃತದ ವ್ಯಾಪ್ತಿಯ ನೇರ ಅನುವಾದ. ಅವರು ಓದೋ ಪುಸ್ತಕಗಳನ್ನು ಬರೆದವರು ನಮ್ಮ ದೇಶದವರು. ಪ್ರಮಾಣದ ವಿಷಯಕ್ಕೆ ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮಧ್ಯಮಕಕ್ಕೆ ಚಂದ್ರಕೀರ್ತಿ, ಅಭಿಧರ್ಮಕ್ಕೆ ವಸುಬಂಧು, ವಿನಯಕ್ಕೆ ಗುಣಪ್ರಭ. ಧರ್ಮಕೀರ್ತಿ ದಕ್ಷಿಣದವನು ಅಂತ ಟಿಬೆಟಿಯನ್ನರ ಪರಂಪರೆಯೇ ಹೇಳುತ್ತೆ. ನಮ್ಮಲ್ಲಿ ಈ ಪುಸ್ತಕಗಳು ಕಳೆದೇ ಹೋಗಿದ್ದವು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಹೇಸರಗತ್ತೆಯ ದಾರಿಯಲ್ಲಿ ಟಿಬೆಟಿಗೆ ಮತ್ತೆ ಮತ್ತೆ ಹೋಗಿ ಪ್ರಮಾಣವಾರ್ತಿಕದ ಸಂಸ್ಕೃತ ಹಸ್ತಪ್ರತಿ ಹುಡುಕಿ ತಂದರು. ನಾವು ಕಳಕೊಂಡದ್ದನ್ನು ಅವರು ಕಾಪಾಡಿಟ್ಟು, ಮನೆ ಮಠ ಕಳಕೊಂಡ ಮೇಲೂ ಬಿಡದೆ, ವಾಪಸ್ ನಮ್ಮ ಉತ್ತರ ಕನ್ನಡದ ಕಾಡಿನ ಅಂಚಿಗೇ ತಂದಿಟ್ಟಿದ್ದಾರೆ. ನಾವು ಅಲ್ಲಿಗೆ ಮೊಮೊ ತಿನ್ನೋಕೆ ಹೋಗ್ತೇವೆ!

ಅಣ್ಣ ಒಬ್ಬ ಭಿಕ್ಷುವನ್ನು ಮಾತಾಡಿಸಿದ. ಹಿಂದಿ ಸ್ವಲ್ಪ, ಕನ್ನಡ ಸ್ವಲ್ಪ. ಎಷ್ಟು ವರ್ಷದ ಕೋರ್ಸು ಅಂತ ಕೇಳಿದ. ಗೆಶೆ ಪದವಿಗೆ 15ರಿಂದ 20 ವರ್ಷ ಬೇಕು, ಅದರಲ್ಲೇ ಮೇಲಿನ ದರ್ಜೆಗೆ ಇನ್ನೂ ಆರು ವರ್ಷ ಪರೀಕ್ಷೆ ಅಂತ ಅವರು ನಗ್ತಾ ಹೇಳಿದರು. ಅಣ್ಣ ನನ್ನ ಮುಖ ನೋಡಿದ. ಮಗಳು ಕೇಳ್ತಿರೋದು ಬರೀ ಮೂರು ವರ್ಷ, ಅದರಲ್ಲೂ ಮೂರರಲ್ಲಿ ಒಂದು ವಿಷಯ.

ಹುಡುಗಿಗೆ ನಾನು ಇನ್ನೊಂದು ವಿಷಯ ಹೇಳಿದೆ. ಶತಮಾನಗಳ ಕಾಲ ಈ ಪದವಿ ಗಂಡಸರಿಗೆ ಮಾತ್ರ. 2016ರ ಡಿಸೆಂಬರ್‌ನಲ್ಲಿ ಇದೇ ಮುಂಡಗೋಡದ ಡ್ರೆಪುಂಗ್‌ನಲ್ಲಿ ಮೊದಲ ಸಲ 20 ಭಿಕ್ಷುಣಿಯರಿಗೆ ದಲೈ ಲಾಮಾ ಗೆಶೆಮಾ ಪದವಿ ಕೊಟ್ಟರು. ಅವಳು ಸುಮ್ಮನೆ ಕೇಳಿಸಿಕೊಂಡಳು. ಆದರೆ ಆ ಮೇಲೆ ಹೆಣ್ಣುಮಕ್ಕಳ ಮಠ ಎಲ್ಲಿದೆ ಅಂತ ಕೇಳಿ ಅಲ್ಲಿಗೂ ಹೋಗಿ ಬಂದಳು.

ಇಷ್ಟು ಹೇಳಿದ ಮೇಲೆ "ಅವರು ಸನ್ಯಾಸಿಗಳು, ಊಟದ ಚಿಂತೆ ಇಲ್ಲ, ಓದ್ತಾರ" ಅಂತ ನೀವು ಕೇಳಬಹುದು. ಅಣ್ಣ ಕೇಳಿದ್ದೂ ಅದನ್ನೇ. ನ್ಯಾಯವಾದ ಪ್ರಶ್ನೆ. ಆದ್ದರಿಂದ ಸಂಸಾರಿಯಾದ, ಅಂಗಡಿಯವನಾದ ನನ್ನ ಲೆಕ್ಕ ಹೇಳ್ತೇನೆ.

ನಮ್ಮ ಅಜ್ಜಿಯ ತವರು ಸೂಪಾ ಹತ್ತಿರದ ಒಂದು ಹಳ್ಳಿ. ಈಗಿನ ಜೋಯಿಡಾ ತಾಲೂಕನ್ನು ಮೊದಲು ಎಲ್ಲರೂ ಸೂಪಾ ತಾಲೂಕು ಅಂತಲೇ ಕರೀತಿದ್ದರು, ಸೂಪಾನೇ ತಾಲೂಕಿನ ಮುಖ್ಯ ಊರು. ಗಣೇಶಗುಡಿಯಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂತು, 1987ರ ಹೊತ್ತಿಗೆ ಕೆಲಸ ಮುಗೀತು. ಸೂಪಾ ಮುಳುಗಿತು, ಅದರ ಜೊತೆ ಸುತ್ತಲಿನ ಹಳ್ಳಿಗಳೂ. ಅಜ್ಜಿಯ ತವರೂ. ಅಜ್ಜಿ ಕೊಂಕಣಿಯಲ್ಲಿ ಒಂದೇ ಮಾತು ಕೇಳ್ತಿದ್ದಳು. ಎಲ್ಲರಿಗೂ ಒಳ್ಳೇದಾಗ್ತದೆ ಅಂದ್ರಲ್ಲ, ಆ ಎಲ್ಲರಲ್ಲಿ ನಾನು ಇಲ್ಲವಾ ಅಂತ. ನಾವು ಮಕ್ಕಳು, ಮುದುಕಿ ಏನೋ ಗೊಣಗ್ತಾಳೆ ಅಂತ ಬಿಟ್ಟುಬಿಟ್ಟಿದ್ದೆವು.

ಬಿ.ಎ. ಎರಡನೇ ವರ್ಷ. ನೀತಿಶಾಸ್ತ್ರದ ಪಾಠ. ಬೆಂಥಮ್, ಜಾನ್ ಸ್ಟುವರ್ಟ್ ಮಿಲ್. (ಈ ಕಡೆಯ ಹುಡುಗನಾದ ನನಗೆ ಮಿಲ್ ಅಂದ್ರೆ ಪೇಪರ್ ಮಿಲ್ಲೇ!) ಅತಿ ಹೆಚ್ಚು ಜನಕ್ಕೆ ಅತಿ ಹೆಚ್ಚು ಸುಖ ಯಾವುದರಿಂದ ಆಗುತ್ತೋ ಅದು ಸರಿ ಅನ್ನೋ ವಾದ. ಸರ್ ಬೋರ್ಡಿನ ಮೇಲೆ ಬರೆದರು. ನಾವು ಬರಕೊಂಡೆವು. ಎಷ್ಟು ಸಮಂಜಸವಾಗಿದೆ ಅಂತ ತಲೆ ಹಾಕ್ತಿದ್ದೆ. ಆಮೇಲೆ ಸರ್ ಕಾಂಟನ ವಿಷಯಕ್ಕೆ ಬಂದು, ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು, ಅವನೇ ಒಂದು ಗುರಿ ಅನ್ನೋದನ್ನು ವಿವರಿಸಿದರು. ಆ ಕ್ಷಣಕ್ಕೆ ಅಜ್ಜಿಯ ಗೊಣಗಾಟ ಕಿವಿಗೆ ಬಂತು. ಓದು ಬರಹ ಬಾರದ ನಮ್ಮಜ್ಜಿ ಅದೇ ಪ್ರಶ್ನೆ ಕೇಳಿದ್ದಳು. ಅದಕ್ಕೆ ಉತ್ತರ ಕೊಡೋಕೆ ಎರಡು ನೂರು ವರ್ಷದಿಂದ ದೊಡ್ಡ ದೊಡ್ಡ ತಲೆಗಳು ಒದ್ದಾಡ್ತಿವೆ. ನಾವು ಅದನ್ನು ಗೊಣಗಾಟ ಅಂದಿದ್ದೆವು.

ಆ ವಾರ ಊರಿಗೆ ಬಂದು ಅಜ್ಜಿಯ ಹತ್ತಿರ ಕೂತು ಮೊದಲ ಸಲ ಆ ಊರಿನ ಬಗ್ಗೆ ಕೇಳಿದೆ. ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಗುಡಿ ಎಲ್ಲಿತ್ತು. ಮೂರು ತಾಸು ಹೇಳಿದಳು. ಮರುವರ್ಷ ತೀರಿಕೊಂಡಳು. ಆ ಒಂದು ಪಾಠ ಕೇಳಿಲ್ಲದಿದ್ದರೆ ನಾನು ಕೇಳ್ತಿರಲಿಲ್ಲ. ಇದಕ್ಕೆ ಎಷ್ಟು ಸಂಬಳ ಅಂತ ಲೆಕ್ಕ ಹಾಕೋದು?

ಇಲ್ಲಿಗೆ ನಿಲ್ಲಿಸಿದ್ರೆ ಚೆಂದ ಇರ್ತಿತ್ತು. ಆದರೆ ತತ್ತ್ವಶಾಸ್ತ್ರ ಅಷ್ಟು ಸುಲಭಕ್ಕೆ ಬಿಡಲ್ಲ. ನನ್ನ ಅಂಗಡಿಗೆ ಬರೋ ರೈತರ ಪಂಪ್‌ಸೆಟ್ ಓಡೋದು ಕಾಳಿಯ ಕರೆಂಟು ಸೇರುವ ಅದೇ ಗ್ರಿಡ್ಡಿನಿಂದ. ಅಂಗಡಿಯ ಫ್ಯಾನು ತಿರುಗೋದೂ ಅದರಿಂದಲೇ. ಅಜ್ಜಿಯ ಊರು ಮುಳುಗಿದ್ದರ ಲಾಭದಲ್ಲಿ ನನಗೂ ಪಾಲಿದೆ. ಅಣೆಕಟ್ಟು ಬೇಡವೇ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ, ಆಗಿದ್ದೆಲ್ಲಾ ಸರಿ ಅನ್ನೋಕೂ ಬರಲ್ಲ. ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ಜನರ ಸ್ಥಳಾಂತರದ ಮಾತು ಬಂದಾಗಲೂ ಹಾಗೇ. ಚಹಾದಂಗಡಿಯಲ್ಲಿ ಒಬ್ಬರು "ಹುಲಿ ಮುಖ್ಯಾನೋ ಮನುಷ್ಯಾ ಮುಖ್ಯಾನೋ" ಅಂತ ಮೇಜು ಕುಟ್ಟಿದ್ರೆ, ಇನ್ನೊಬ್ಬರು "ರೊಕ್ಕ ತಗೊಂಡು ಹೋಗ್ಲಿ" ಅಂತಾರೆ. ಜೋಯಿಡಾದ ಕುಣಬಿಯೊಬ್ಬನಿಗೆ ಕಾಡು ಅಂದ್ರೆ ಬರೀ ಎಕರೆ ಲೆಕ್ಕದ ಜಾಗವಾ? ತಾನಾಗಿ ಒಪ್ಪಿದ್ದು ಅಂದ್ರೆ ಏನು? ರಸ್ತೆ, ಶಾಲೆ, ಆಸ್ಪತ್ರೆ ಇಲ್ಲದೆ ಬೇಸತ್ತು ಒಪ್ಪಿದ್ರೆ ಅದು ಒಪ್ಪಿಗೆನಾ? ಈ ಪ್ರಶ್ನೆಗಳನ್ನು ಬಿಡಿಸಿ ಬಿಡಿಸಿ ಇಡೋಕೆ ಯಾರಾದ್ರೂ ಬೇಕಲ್ಲ. ದಾಂಡೇಲಿ, ಜೋಯಿಡಾದ ಮಕ್ಕಳಿಗೆ ತತ್ತ್ವಶಾಸ್ತ್ರ ಯಾಕೆ, ಅದು ಹೊಟ್ಟೆ ತುಂಬಿದವರ ಚಟ ಅನ್ನುವವರಿಗೆ ನನ್ನ ಉತ್ತರ ಇದೇ. ಹೊಟ್ಟೆ ತುಂಬಿದವರ ಊರು ಮುಳುಗಲ್ಲ. ಮುಳುಗುವ ಊರಿನವರಿಗೇ ಈ ವಿದ್ಯೆ ಹೆಚ್ಚು ಬೇಕು.

ಇನ್ನು ಯೂರಿಯಾ ಚೀಲದ ವಿಷಯ!

ತರ್ಕಶಾಸ್ತ್ರದಲ್ಲಿ ಮೊದಲ ದಿನ ಕಲಿಸೋದು ಹೊಗೆ ಬೆಂಕಿ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಗುಡ್ಡದ ಮೇಲೆ ಹೊಗೆ ಕಂಡ್ರೆ ಅಲ್ಲಿ ಬೆಂಕಿ ಇದೆ ಅನ್ನಬಹುದು. ಸರಿ. ಹಾಗಾದ್ರೆ ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ ಅನ್ನಬಹುದಾ? ಆಗಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದ್ರೆ ಹಸಿ ಕಟ್ಟಿಗೆ ಬೇಕು. ನೈಯಾಯಿಕರು ಇದನ್ನು ಉಪಾಧಿ ಅಂತಾರೆ. ನೀವು ಕಾರಣ ಅಂದುಕೊಂಡಿದ್ದರ ಹಿಂದೆ ಕಾಣದಂತೆ ಕೂತಿರೋ ಇನ್ನೊಂದು ಷರತ್ತು. ಮಳೆಗಾಲದಲ್ಲಿ ಒಲೆ ಊದಿದ ನಮ್ಮ ಮಲೆನಾಡಿನ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ!

ಅಂಗಡಿಗೆ ಒಬ್ಬ ರೈತರು ಬಂದು "ಆ ಔಷಧ ಹೊಡದೆ ನೋಡ್ರಿ, ಮೂರು ದಿನದಾಗ ಹುಳ ಹೋತು, ಅದೇ ಕೊಡ್ರಿ" ಅಂತಾರೆ. ನಾನು ಕೇಳೋದು, ಆ ಮೂರು ದಿನದಾಗ ಮಳಿ ಬಂತೇನ್ರಿ? ಔಷಧ ಹೊಡೀದ ಪಕ್ಕದ ಹೊಲದಾಗ ಹುಳ ಉಳದಾವೇನ್ರಿ? ಎಷ್ಟೋ ಸಲ ಅಲ್ಲೂ ಹೋಗಿರುತ್ತೆ. ಆಗ ಸಾವಿರ ರೂಪಾಯಿಯ ಬಾಟಲಿ ಮಾರಾಟ ಆಗಲ್ಲ. ಕಂಪನಿಯ ಪ್ರತಿನಿಧಿಯೊಬ್ಬ ಹೊಸ ಬೀಜ ಬಿತ್ತಿ ಲಾಭ ಮಾಡಿಕೊಂಡ ಹತ್ತು ರೈತರ ಫೋಟೋ ತೋರಿಸಿದಾಗ, ಬಿತ್ತಿ ಲುಕ್ಸಾನ ಆದವರ ಫೋಟೋ ಎಲ್ಲಪ್ಪಾ ಅಂತ ಕೇಳಿದೆ. ಅವನಿಗೆ ಸಿಟ್ಟು ಬಂತು. ಆ ವರ್ಷ ಕಮಿಷನ್ ಕಡಿಮೆ ಆಯ್ತು, ನಿಜ. ಆದರೆ ನನ್ನ ಅಂಗಡಿಗೆ ಬರೋ ಜನ ಅಪ್ಪ ಆದಮೇಲೆ ಮಗ ಅಂತ ಬರ್ತಾರೆ. ನಾನು ಸಾಧು ಅಂತ ಹೇಳ್ತಿಲ್ಲ. ಬಾಯಿಗೆ ಬಂದದ್ದನ್ನು ನಂಬಿ ಮಾರೋಕೆ ಆ ಮೂರು ವರ್ಷದ ಓದು ಬಿಡಲಿಲ್ಲ, ಅಷ್ಟೇ. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲಾ ಮುಂದಕ್ಕೆ ತಳ್ಳುವ ಈ ಕಾಲದಲ್ಲಿ ಇದು ಸಣ್ಣ ವಿದ್ಯೆ ಅಲ್ಲ.

ಅಣ್ಣನ ಇನ್ನೊಂದು ವಾದ. "ತತ್ತ್ವ ಕಲಿಯಾಕ ಕಾಲೇಜ್ ಯಾಕ ಬೇಕು? ಶ್ರಾವಣದಾಗ ಪ್ರವಚನ ಕೇಳ್ತೀವಿ, ವಚನ ಓದ್ತೀವಿ, ಮನ್ಯಾಗ ಐತೆಲ್ಲಾ." ಪ್ರವಚನದ ಬಗ್ಗೆ ನನಗೂ ಗೌರವ ಇದೆ. ಮನಸ್ಸಿಗೆ ಸಮಾಧಾನ ಕೊಡುತ್ತೆ. ಆದರೆ ಪ್ರವಚನದಲ್ಲಿ ಕೈ ಎತ್ತಿ "ಬುದ್ಧಿ, ವ್ಯಾಪ್ತಿ ಇಲ್ಲ" ಅನ್ನೋಕಾಗುತ್ತಾ? ಕಾಲೇಜಿನ ತರಗತಿಯಲ್ಲಿ ಆಗಬೇಕು. ಮತ್ತೆ ನಮ್ಮ ಹಿರಿಯರು ಬರೀ ಒಪ್ಪಿಕೊಂಡು ಕೂತವರಲ್ಲ. ಪೂರ್ವಪಕ್ಷ ಅನ್ನೋ ಪದ್ಧತಿ ನೋಡಿ. ಎದುರಾಳಿಯ ವಾದವನ್ನು ಅವನೇ ಮೆಚ್ಚುವ ಹಾಗೆ ಮೊದಲು ಹೇಳಿ, ಆಮೇಲೆ ನಿನ್ನ ಉತ್ತರ ಹೇಳು. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹ ಶುರುವಾಗೋದೇ ಚಾರ್ವಾಕರಿಂದ. ದೇವರಿಲ್ಲ, ಪರಲೋಕ ಇಲ್ಲ ಅನ್ನುವವರ ಮಾತಿಗೆ ಮೊದಲ ಅಧ್ಯಾಯ! ಈಗ ನಾವು ಟಿವಿಯಲ್ಲಿ ಎದುರಿನವನ ಮೈಕನ್ನೇ ಬಂದ್ ಮಾಡ್ತೇವೆ.

ಕನ್ನಡ ನಾಡಿಗೆ ಈ ವಿಷಯ ಹೊಸದೂ ಅಲ್ಲ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಕುಲಪತಿಯೂ ಆದರು. ಮೈಸೂರಿನ ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಬರೆದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯ ಪುಸ್ತಕವನ್ನು ಇವತ್ತಿಗೂ ಜನ ಹುಡುಕಿ ಓದ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರು ತತ್ತ್ವಶಾಸ್ತ್ರದ ವಿದ್ಯಾರ್ಥಿ, ಕಾದಂಬರಿಕಾರರಾಗಿ ಹೆಸರಾಗುವ ಮೊದಲು ನಮ್ಮ ಪಕ್ಕದ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವರು. ಸಣ್ಣ ವಯಸ್ಸಿನಲ್ಲೇ ಪ್ಲೇಗಿಗೆ ತಾಯಿಯನ್ನು ಕಳಕೊಂಡ ಹುಡುಗನಿಗೆ ಸಾವು ಅಂದ್ರೇನು ಅನ್ನೋ ಪ್ರಶ್ನೆ ಇತ್ತು. ಅದು ಅವರನ್ನು ಈ ವಿಷಯಕ್ಕೆ ತಂದಿತು. ಅವರ ಕಾದಂಬರಿಗಳನ್ನು ಒಪ್ಪಿ ಬಿಡಿ, ಪಾತ್ರಗಳು ವಾದ ಮಾಡುವ ರೀತಿಯಲ್ಲಿ ಆ ತರಗತಿಯ ವಾಸನೆ ಇದೆ.

ಇಷ್ಟೆಲ್ಲಾ ಹೊಗಳಿದ ಮೇಲೆ ತಪ್ಪನ್ನೂ ಹೇಳಬೇಕು. ನಾನು ಓದಿದ್ದು ಮೂರು ವರ್ಷ. ಅದರಲ್ಲಿ ನಿಜವಾಗಿ ಓದಿದ್ದು ಆ ಒಬ್ಬ ಸರ್ ಇದ್ದ ಒಂದು ವರ್ಷ. ಉಳಿದ ಎರಡು ವರ್ಷ ನೋಟ್ಸ್ ಡಿಕ್ಟೇಟ್ ಮಾಡಿದ್ದು, ನಾವು ಬರಕೊಂಡಿದ್ದು. ಪರೀಕ್ಷೆಗೆ ಗೈಡು. 'ಟಿಪ್ಪಣಿ ಬರೆಯಿರಿ: ಸಾಕ್ರಟೀಸನ ವಿಧಾನ, ಐದು ಅಂಕ.' ಪ್ರಶ್ನೆ ಕೇಳೋದನ್ನು ಕಲಿಸಿದ ಮನುಷ್ಯನ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಬಾಯಿಪಾಠ ಮಾಡಿ ಐದಕ್ಕೆ ನಾಲ್ಕು ತಗೊಂಡೆ! ಇದೇ ತತ್ತ್ವಶಾಸ್ತ್ರ ಆದರೆ ಅಣ್ಣ ಹೇಳಿದ್ದೇ ಸರಿ, ಅದಕ್ಕಿಂತ ಯೂರಿಯಾ ಚೀಲ ವಾಸಿ. ಮುಂಡಗೋಡದ ಅಂಗಳದಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಅವರ ಶಾಸ್ತ್ರದ ಬಗ್ಗೆ ಅಲ್ಲ. ದಿನಾ ಸಂಜೆ ಗೆಳೆಯನ ಎದುರು ನಿಂತು ಬಾಯಿಬಿಟ್ಟು ವಾದ ಮಾಡಲೇಬೇಕು ಅನ್ನೋ ಆ ನಿಯಮದ ಬಗ್ಗೆ.

ಮತ್ತೆ ಪಠ್ಯದ ಗೊಂದಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ಪ್ರತಿ ಸಲ ಹೀಗೆ ಅಲುಗಾಡಿಸಿದಾಗ ಕಡಿಮೆ ಹುಡುಗರಿರುವ ವಿಷಯದ ಬುಡವೇ ಮೊದಲು ಸಡಿಲ ಆಗೋದು. ಹತ್ತು ಹುಡುಗರು ಬರಲಿಲ್ಲ ಅಂದ್ರೆ ತರಗತಿ ಇಲ್ಲ. ನಮ್ಮ ಹುಡುಗಿ ಮೊದಲು ವಿಚಾರಿಸಿದ ಹತ್ತಿರದ ಕಾಲೇಜಿನಲ್ಲಿ ಆ ವಿಷಯವೇ ಇರಲಿಲ್ಲ. "ಸಮಾಜಶಾಸ್ತ್ರ ತಗೋಮ್ಮಾ, ಎರಡೂ ಒಂದೇ" ಅಂದರಂತೆ!

ಎಲ್ಲರೂ ತತ್ತ್ವಶಾಸ್ತ್ರವನ್ನೇ ತಗೊಳ್ಳಿ ಅಂತ ನಾನು ಹೇಳಲ್ಲ. ಬಿ.ಕಾಂ. ಇರಲಿ, ಎಂಜಿನಿಯರಿಂಗ್ ಇರಲಿ, ಐಟಿಐ ಇರಲಿ, ಎಲ್ಲರಿಗೂ ಒಂದು ಸೆಮಿಸ್ಟರ್ ತರ್ಕ ಮತ್ತು ನೀತಿ ಇಡಿ. ಗೈಡಿಲ್ಲದೆ, ಬಾಯಿಮಾತಿನ ಪರೀಕ್ಷೆ ಇಟ್ಟು. ದಾಂಡೇಲಿ, ಹಳಿಯಾಳ, ಜೋಯಿಡಾದ ಕಾಲೇಜುಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಮುಂಡಗೋಡಕ್ಕೆ ಕರೆದುಕೊಂಡು ಹೋಗಲಿ, ಫೋಟೋಕ್ಕಲ್ಲ, ಒಂದು ಸಂಜೆ ಆ ಅಂಗಳದಲ್ಲಿ ಕೂರೋಕೆ. 2013ರ ಜನವರಿಯಲ್ಲಿ ಅದೇ ಡ್ರೆಪುಂಗ್‌ಗೆ ಜಗತ್ತಿನ ಬೇರೆ ಬೇರೆ ಕಡೆಯಿಂದ ವಿಜ್ಞಾನಿಗಳು ಬಂದು ದಲೈ ಲಾಮಾ ಮತ್ತು ಭಿಕ್ಷುಗಳ ಜೊತೆ ದಿನಗಟ್ಟಲೆ ಚರ್ಚೆ ಮಾಡಿದರು. ಅಷ್ಟು ದೂರದವರಿಗೆ ಸಿಗುವ ದಾರಿ ನಮಗೆ ಬಸ್ಸಿನಲ್ಲಿ ಸಿಗಲ್ಲವಾ?

ಮುಂಡಗೋಡದಿಂದ ವಾಪಸ್ ಬರುವಾಗ ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮಗಳ ಕಡೆ ತಿರುಗಿ, "ಆ ಕೂತಿದ್ನಲ್ಲಾ ಸಣ್ಣ ಹುಡುಗ, ಅವ ಸೋತನೇನು?" ಅಂದ.

"ಗೊತ್ತಿಲ್ಲಪ್ಪಾ. ಆದ್ರ ಆಮ್ಯಾಲೆ ಅವ ಎದ್ದು ನಿಂತಾ, ನಿಂತಾವ ಕೂತಾ. ಈಗ ಇವನೇ ಕೇಳಾಂವ."

ಅಣ್ಣ ಮತ್ತೇನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದ. ಧಾರವಾಡದಲ್ಲಿ ಸೀಟು ನೋಡು, ಆದರೆ ಅರ್ಥಶಾಸ್ತ್ರ ಜೊತೆಗಿರಲೇಬೇಕು, ಬ್ಯಾಂಕಿನ ಪರೀಕ್ಷೆನೂ ಬರೀಲೇಬೇಕು ಅಂತ ಷರತ್ತು. ಹುಡುಗಿ ಒಪ್ಪಿದಳು. ಅಣ್ಣ ಕೊನೆಗೆ ಹೇಳಿದ್ದು, "ಮೂರು ವರ್ಷ ಆದಮ್ಯಾಲೆ ನಾ ನಿನ್ನ ಕೇಳಾಂವ, ಅಕಿನ್ನಲ್ಲ."

ಈಗ ಅವಳು ಹಾಸ್ಟೆಲ್ಲಿನಲ್ಲಿದ್ದಾಳೆ. ಶನಿವಾರ ಊರಿಗೆ ಬರುವಾಗ ಹಳಿಯಾಳದಲ್ಲಿ ಇಳಿದು ಅಂಗಡಿಗೆ ಬರ್ತಾಳೆ, ಸ್ಟೂಲ್ ಎಳಕೊಂಡು ಕೂತು ಗಿರಾಕಿಗಳ ನಡುವೆಯೇ ನನ್ನ ಜೊತೆ ವಾದ ಹಚ್ತಾಳೆ. ಹೋದ ವಾರ ನನ್ನ ಒಂದು ಮಾತಿಗೆ "ಕಾಕಾ, ವ್ಯಾಪ್ತಿ ಇಲ್ಲ" ಅಂದಳು. ಹೌದು, ಇರಲಿಲ್ಲ. ಒಪ್ಪಿಕೊಂಡೆ.

ಒಳಗೊಳಗೇ ಭಯ ಇದೆ. ನಾಳೆ ಅವಳಿಗೆ ನೌಕರಿ ಸಿಗದಿದ್ದರೆ ಅಣ್ಣನ ಮುಂದೆ ನಿಲ್ಲಬೇಕಾದವನು ನಾನು. ಈ ಬರಹ ಅವತ್ತು ಅವನಿಗೆ ಸಾಕಾಗುತ್ತಾ? ಆಗಲಿಕ್ಕಿಲ್ಲ. ಆದರೆ ಆ ದಿನ ಹುಡುಗಿ ಕೇಳಿದ್ದಳಲ್ಲ, ಓದಿದ್ದು ಲುಕ್ಸಾನ ಆತೇನು ಅಂತ. ಇಲ್ಲವ್ವ, ಆಗಿಲ್ಲ. ಯಾಕೆ ಅಂತ ಇಷ್ಟು ಹೇಳಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥ ಜಗಳ ನಡೆದಿದ್ರೆ, ಯಾರು ಗೆದ್ದರು ಅಂತ ಹೇಳಿ. ಅಣ್ಣನ ಪಕ್ಷದವರು ಇನ್ನೂ ಗಟ್ಟಿಯಾಗಿ ಹೇಳಿ. ಪೂರ್ವಪಕ್ಷ ಗಟ್ಟಿ ಇದ್ದಷ್ಟೂ ಒಳ್ಳೇದು.